ಕಬ್ಬು ಹಳದಿಯಾಯಿತೇ? ಯೂರಿಯಾ ಚೀಲ ಬಿಚ್ಚುವ ಮುನ್ನ...

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಎಲೆ ಹಳದಿ ತಿರುಗಿತೆಂದರೆ ರೈತನ ಕೈ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ. ಹೋಗದೆ ಏನು ಮಾಡೀತು? 45 ಕಿಲೋದ ಯೂರಿಯಾ ಚೀಲ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಡಿಎಪಿ ಚೀಲಕ್ಕೆ ಸಾವಿರದ ಮುನ್ನೂರೈವತ್ತು ಎಣಿಸಬೇಕು. ಅಗ್ಗದ ಔಷಧಿಯನ್ನು ಮೊದಲು ಕುಡಿಸಿ ನೋಡುವುದು ಮನುಷ್ಯ ಸ್ವಭಾವ. ಅದರಿಂದ ಗುಣವಾಗದಿದ್ದರೆ ಎರಡನೆಯ ಚೀಲ, ಆಮೇಲೆ ಮೂರನೆಯದು. ಅಷ್ಟಾದರೂ ಹಸಿರಾಗದಿದ್ದರೆ ಪೇಟೆಯ ಅಂಗಡಿಯಲ್ಲಿ ಬಣ್ಣದ ಚೀಟಿ ಅಂಟಿಸಿದ ಒಂದು 'ಟಾನಿಕ್' ಬಾಟಲಿ. ಬಾಟಲಿಯೊಳಗೆ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ.

ವಿಜ್ಞಾನ ಕಲಿಸುವ ಮಾಸ್ತರನೆಂಬ ಕಾರಣಕ್ಕೆ ನನ್ನ ಬಳಿ ಇಂಥ ಎಲೆಗಳು ಬರುತ್ತಲೇ ಇರುತ್ತವೆ. ಹತ್ತನೇ ಇಯತ್ತೆಯ ಹುಡುಗರು ಪಾಟೀಚೀಲದಲ್ಲಿ ಮಡಚಿಟ್ಟುಕೊಂಡು ತರುತ್ತಾರೆ. ಸಂತೆಯ ದಿನ ಅವರ ಅಪ್ಪಂದಿರೂ ತರುತ್ತಾರೆ. "ಸರ, ಮೂರು ಸಲ ಯೂರಿಯಾ ಕೊಟ್ಟೀನ್ರಿ. ಕಬ್ಬು ಹಸರ ಆಗವಲ್ದು. ಇದು ಯಾವ ರೋಗರೀ?" ಎಂಬುದು ಸಾಮಾನ್ಯ ಪ್ರಶ್ನೆ. ಒಂದು ಎಲೆ ನೋಡಿ ಉತ್ತರ ಹೇಳುವುದು ಕಷ್ಟ. ಹಳದಿ ಬಣ್ಣವೆಂಬುದು ಜ್ವರವಿದ್ದ ಹಾಗೆ. ಜ್ವರ ನೆಗಡಿಗೂ ಬರುತ್ತದೆ, ಮಲೇರಿಯಾಕ್ಕೂ ಬರುತ್ತದೆ, ಹುಣ್ಣು ಕೀವಾದರೂ ಬರುತ್ತದೆ. ಹಾಗೆಯೇ ಸಾರಜನಕ ಕಡಿಮೆಯಾದರೂ ಎಲೆ ಹಳದಿ, ಕಬ್ಬಿಣ ಸಿಗದಿದ್ದರೂ ಹಳದಿ, ನೀರು ಹೆಚ್ಚಾದರೂ ಹಳದಿ, ಬೇರನ್ನು ಹುಳು ಕಡಿದರೂ ಹಳದಿ. ಆದರೆ ಈ ಹಳದಿಗಳೆಲ್ಲ ಒಂದೇ ತೆರನಾಗಿ ಇರುವುದಿಲ್ಲ. ಎಲ್ಲಿ ಶುರುವಾಯಿತು, ಹೇಗೆ ಹಬ್ಬಿತು ಎಂಬುದನ್ನು ಹೊಲದಲ್ಲಿ ನಿಂತು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕುತ್ತದೆ.

ಹಳೆಯ ಎಲೆಯೋ, ಹೊಸ ಎಲೆಯೋ?

ಕೇಳಬೇಕಾದ ಮೊದಲ ಪ್ರಶ್ನೆ ಇದು. ಹಳದಿ ಶುರುವಾದದ್ದು ಕೆಳಗಿನ ಹಳೆಯ ಎಲೆಗಳಲ್ಲೋ, ಸುಳಿಯ ಹತ್ತಿರದ ಎಳೆಯ ಎಲೆಗಳಲ್ಲೋ?

ಸಸ್ಯಕ್ಕೆ ಬೇಕಾದ ಪೋಷಕಾಂಶಗಳು 17 ಎಂದು ವಿಜ್ಞಾನ ಲೆಕ್ಕ ಹಾಕಿದೆ. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ-ನೀರಿನಿಂದ ಬರುತ್ತವೆ. ಉಳಿದ ಹದಿನಾಲ್ಕಕ್ಕೆ ಮಣ್ಣೇ ಗತಿ. ಇವುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಮತ್ತು ಮೆಗ್ನೀಸಿಯಂ ಸಸ್ಯದೊಳಗೆ ಸುಲಭವಾಗಿ ಓಡಾಡುವಂಥವು. ಮನೆಯಲ್ಲಿ ಅನ್ನ ಕಡಿಮೆ ಬಿದ್ದಾಗ ಹಿರಿಯರು ತಮ್ಮ ತಾಟಿನದನ್ನು ಮಕ್ಕಳಿಗೆ ಸುರಿಯುವುದಿಲ್ಲವೇ? ಗಿಡವೂ ಹಾಗೆಯೇ ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ಕಿತ್ತು ಸುಳಿಗೆ ಸಾಗಿಸುತ್ತದೆ. ಆದ್ದರಿಂದ ಈ ನಾಲ್ಕರ ಕೊರತೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಕಬ್ಬಿಣ, ಸುಣ್ಣ, ಬೋರಾನ್ ಹಾಗಲ್ಲ. ಅವು ಕಟ್ಟಿದ ಗೋಡೆಯೊಳಗಿನ ಇಟ್ಟಿಗೆಯಂತೆ. ಒಮ್ಮೆ ಒಂದು ಎಲೆಯಲ್ಲಿ ಸೇರಿಬಿಟ್ಟರೆ ಅಲ್ಲಿಂದ ಕಿತ್ತು ಇನ್ನೊಂದು ಕಡೆ ಬಳಸಲು ಬರುವುದಿಲ್ಲ. ಪೂರೈಕೆ ನಿಂತ ದಿನದಿಂದ ಹೊಸ ಎಲೆಗೆ ಉಪವಾಸ. ಹಳೆಯ ಎಲೆ ಹಸಿರಾಗಿ ನಗುತ್ತಿರುತ್ತದೆ, ಸುಳಿ ಬಿಳಚಿರುತ್ತದೆ. ಗಂಧಕದ ಕೊರತೆ ನೋಡಲು ಸಾರಜನಕದ್ದರಂತೆಯೇ ಇದ್ದರೂ ಎಳೆಯ ಎಲೆಯಲ್ಲಿ ಶುರುವಾಗುತ್ತದೆ, ಅಷ್ಟೇ ವ್ಯತ್ಯಾಸ.

ಗೋವಿನಜೋಳದ ಹೊಲ ಇದನ್ನು ಕಲಿಯಲು ಒಳ್ಳೆಯ ಪಾಠಶಾಲೆ. ಅದರ ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಒಳಮುಖವಾಗಿ ಇಂಗ್ಲಿಷಿನ 'ವಿ' ಅಕ್ಷರದಂತೆ ಹಳದಿ ಇಳಿದರೆ ಅದು ಸಾರಜನಕದ ಹಸಿವು. ನಡುನರ ಹಸಿರಾಗಿದ್ದು ಎಲೆಯ ಎರಡೂ ಅಂಚು ತುದಿಯಿಂದ ಸುಟ್ಟಂತೆ ಕಂದಾದರೆ ಪೊಟ್ಯಾಶಿನದು. ಎಳೆಯ ಗಿಡದ ಎಲೆ-ದಂಟು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಮೇಲೆ ಸಂಶಯಪಡಬೇಕು. ಆದರೆ ಚಳಿ ಹೆಚ್ಚಿದ್ದಾಗಲೂ ಬೇರು ರಂಜಕ ಹೀರಲಾರದೆ ಇದೇ ಬಣ್ಣ ಬರುತ್ತದೆ. ಬಿಸಿಲೇರಿದ ಮೇಲೆ ತಾನೇ ಹೋಗುತ್ತದೆ. ಸುಳಿಯ ಎಲೆಗಳ ಬುಡದಲ್ಲಿ ನಡುನರದ ಎರಡೂ ಬದಿ ಬಿಳಿಯ ಪಟ್ಟಿ ಕಂಡರೆ ಸತುವಿನ ಕೊರತೆ. ಕಬ್ಬಿನಲ್ಲಿ ಪೊಟ್ಯಾಶ್ ಕಡಿಮೆಯಾದಾಗ ಇನ್ನೊಂದು ಗುರುತು ಸಿಗುತ್ತದೆ: ಹಳೆಯ ಎಲೆಯ ನಡುನರದ ಮೇಲ್ಮೈ ಕೆಂಪಾಗುತ್ತದೆ.

ಸತುವಿನ ಮಾತು ಬಂದಾಗ ಒಂದು ಹಳೆಯ ಕಥೆ ನೆನಪಾಗುತ್ತದೆ. ಉತ್ತರ ಪ್ರದೇಶದ ತರಾಯಿ ಸೀಮೆಯಲ್ಲಿ ಭತ್ತ ತುಕ್ಕು ಬಣ್ಣಕ್ಕೆ ತಿರುಗಿ ಕುಸಿಯುತ್ತಿತ್ತು. 'ಖೈರಾ' ಎಂಬ ಹೆಸರಿನ ಈ ಪೀಡೆ ಅಂಟುರೋಗವೇ ಇರಬೇಕೆಂಬ ಭಾವನೆ ಬಲವಾಗಿತ್ತು. ಪಂತನಗರದ ವಿಜ್ಞಾನಿ ವೈ. ಎಲ್. ನೆನೆಯವರು 1966ರಲ್ಲಿ ಇದು ರೋಗಾಣುವಿನ ಕೆಲಸವಲ್ಲ, ಸತುವಿನ ಕೊರತೆ ಎಂದು ತೋರಿಸಿದರು. ಸತುವಿನ ಸಲ್ಫೇಟ್ ಸಿಂಪಡಿಸಿದ್ದೇ ಗದ್ದೆ ಚೇತರಿಸಿಕೊಂಡಿತು. ರೋಗಕ್ಕೂ ಕೊರತೆಗೂ ಎಷ್ಟು ಸಣ್ಣ ಅಂತರ ನೋಡಿ!

ಇನ್ನು ಬೆಳೆ ಹೂವಿಗೆ ಬಂದಾಗಿನ ಹಳದಿಗೆ ಗಾಬರಿಯಾಗಬೇಕಿಲ್ಲ. ಗೋವಿನಜೋಳ ತುರಾಯಿ ಹಾಕಿ ತೆನೆ ಕಟ್ಟುವಾಗ, ಸೋಯಾ ಅವರೆ ಕಾಯಿ ತುಂಬುವಾಗ ಗಿಡ ತನ್ನ ಕೆಳಗಿನ ಎಲೆಗಳನ್ನು ತಾನೇ ಬರಿದುಮಾಡಿ ಕಾಳಿಗೆ ಸಾಗಿಸುತ್ತದೆ. ಕೆಳಗಿನ ಎರಡು ಮೂರು ಎಲೆ ಒಣಗಿದರೆ ಅದು ಮುಪ್ಪು, ರೋಗವಲ್ಲ. ಕಬ್ಬಿಗೆ ಸೂಲಂಗಿ ಬಂದ ಮೇಲಂತೂ ಹೊಸ ಎಲೆ ಹುಟ್ಟುವುದೇ ನಿಂತುಬಿಡುತ್ತದೆ. ಆಗ ಗೊಬ್ಬರ ಸುರಿಯುವುದು ದಂಡ.

ಅನ್ನಭೇದಿಯ ಪರೀಕ್ಷೆ

ನಮ್ಮ ಭಾಗದ ಕೂಳೆ ಕಬ್ಬಿನಲ್ಲಿ ಅತಿ ಹೆಚ್ಚು ಮೋಸಹೋಗುವುದು ಕಬ್ಬಿಣದ ಕೊರತೆಯಿಂದ. ಕಟಾವಾಗಿ ಒಂದೆರಡು ತಿಂಗಳಿಗೆ ಚಿಗುರಿದ ಕೂಳೆಯಲ್ಲಿ ಹೊಸ ಎಲೆಗಳ ನರಗಳು ಹಸಿರಾಗಿಯೇ ಉಳಿದು, ನಡುವಿನ ಜಾಗ ಉದ್ದುದ್ದಕ್ಕೆ ಹಳದಿ ಗೆರೆಯಾಗುತ್ತದೆ. ಬರಬರುತ್ತ ನರವೂ ಬಣ್ಣಗೆಟ್ಟು ಇಡೀ ಎಲೆ ಕಾಗದದಂತೆ ಬಿಳುಪಾಗುತ್ತದೆ. ದೂರದಿಂದ ನೋಡಿದರೆ ಹೊಲದ ನಡುವೆ ಯಾರೋ ಬಿಳಿ ಧೋತರ ಹಾಸಿದ ಹಾಗೆ.

ಹಾಗಾದರೆ ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣವಿಲ್ಲವೇ? ಬೇಕಾದಷ್ಟಿದೆ. ಆದರೆ ಗುದಾಮಿಗೆ ಕೀಲಿ ಬಿದ್ದಿದೆ. ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ಪಿಎಚ್ ಎಂಟನ್ನು ದಾಟಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣ ನೀರಿನಲ್ಲಿ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಮೇಲಾಗಿ ನೀರು ನಿಲ್ಲುವಂತೆ ಹಾಯಿಸಿದರೆ ಬೇರು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಸುಣ್ಣದೊಂದಿಗೆ ಕೂಡಿ ಬೈಕಾರ್ಬೊನೇಟ್ ಆಗುತ್ತದೆ. ಅದು ಕಬ್ಬಿಣದ ದಾರಿಗೆ ಇನ್ನೊಂದು ಅಡ್ಡಗೋಡೆ. ಕೂಳೆಯ ಹಳೆಯ ಬೇರು ಸತ್ತು ಹೊಸ ಬೇರು ಬರುವ ಸಂಧಿಕಾಲದಲ್ಲಿ ಪೈರಿಗೆ ಇದನ್ನೆಲ್ಲ ದಾಟುವ ಶಕ್ತಿ ಇರುವುದಿಲ್ಲ. ಎಲೆಯ ಹಸಿರು ಕಣದ ನಡುವಿನಲ್ಲಿ ಕೂತಿರುವುದು ಮೆಗ್ನೀಸಿಯಂ. ಕಬ್ಬಿಣ ಅದರೊಳಗೆ ಇಲ್ಲ. ಆದರೆ ಆ ಕಣವನ್ನು ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು. ಮನೆ ಕಟ್ಟಿದ ಗೌಂಡಿ ಮನೆಯೊಳಗೆ ವಾಸವಿರುವುದಿಲ್ಲ, ಅವನಿಲ್ಲದೆ ಮನೆಯೂ ಏಳುವುದಿಲ್ಲ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ.

ಇದರ ಪರೀಕ್ಷೆ ಬಲು ಸುಲಭ. ಫ್ರಾನ್ಸಿನ ಯೂಸೆಬ್ ಗ್ರೀ ಎಂಬಾತ 1840ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ. ಬಿಳಚಿದ ಎಲೆಗಳಿಗೆ ಕಬ್ಬಿಣದ ಲವಣದ ನೀರು ಹಚ್ಚಿದ. ಹಚ್ಚಿದಲ್ಲಿ ಹಸಿರು ಮರಳಿತು. ನಮ್ಮ ಅಂಗಡಿಗಳಲ್ಲಿ ಸಿಗುವ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಅದೇ ಲವಣ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ನಾಲ್ಕು ಹನಿ ನಿಂಬೆರಸ, ಎಲೆಗೆ ಅಂಟಿಕೊಳ್ಳಲು ಒಂದು ಚೂರು ಸಾಬೂನಿನ ನೀರು. ಬಿಳಚಿದ ನಾಲ್ಕೈದು ಎಲೆ ಆರಿಸಿ, ನಡುನರದ ಒಂದು ಮಗ್ಗಲಿಗೆ ಮಾತ್ರ ಬ್ರಶ್ಶಿನಿಂದ ಇದನ್ನು ಬಳಿಯಿರಿ. ಇನ್ನೊಂದು ಮಗ್ಗಲಿಗೆ ಬರಿಯ ನೀರು ಬಳಿಯಿರಿ. ಗುರುತಿಗೆ ಒಂದು ದಾರ ಕಟ್ಟಿಬಿಡಿ. ವಾರ-ಹತ್ತು ದಿನದಲ್ಲಿ ಬಳಿದ ಬದಿ ಹಸಿರಾಗಿ ಇನ್ನೊಂದು ಬದಿ ಹಾಗೇ ಉಳಿದರೆ ನಿಮ್ಮ ಪ್ರಶ್ನೆಗೆ ಎಲೆಯೇ ಉತ್ತರ ಬರೆದಂತಾಯಿತು. ಖರ್ಚು ಹತ್ತು ರೂಪಾಯಿಯೂ ಇಲ್ಲ. ಹಸಿರಾಗದಿದ್ದರೆ? ಅದೂ ಉತ್ತರವೇ: ಕಾರಣ ಬೇರೆ ಇದೆ, ಹುಡುಕಿ.

ಸತುವಿನ ಸಂಶಯವಿದ್ದರೆ ಸತುವಿನ ಸಲ್ಫೇಟಿನಿಂದಲೂ ಇದೇ ಪ್ರಯೋಗ ಮಾಡಬಹುದು. ಆದರೆ ಅದರ ನೀರು ಎಲೆ ಸುಡದಂತೆ ಸ್ವಲ್ಪ ಸುಣ್ಣದ ತಿಳಿನೀರು ಬೆರೆಸಬೇಕು.

ಅನ್ನಭೇದಿ ಎಂದು ಖಚಿತವಾದ ಮೇಲೆ ಇದೇ ಪ್ರಮಾಣದ ದ್ರಾವಣವನ್ನು ಸಂಜೆಯ ಹೊತ್ತು, ಹತ್ತು-ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಬೇಕು. ದ್ರಾವಣವನ್ನು ಅಂದೇ ಕಲಸಿ ಅಂದೇ ಮುಗಿಸಬೇಕು. ಇಟ್ಟ ನೀರು ಕೆಂಪಗಾದರೆ ಕಬ್ಬಿಣ ಮತ್ತೆ ಕೀಲಿಯೊಳಗೆ ಹೋಯಿತೆಂದು ಅರ್ಥ. ಬರಿಯ ಅನ್ನಭೇದಿಯನ್ನು ನೆಲಕ್ಕೆ ಎರಚಿದರೆ ಸುಣ್ಣದ ಮಣ್ಣು ಅದನ್ನೂ ನುಂಗಿಹಾಕುತ್ತದೆ. ಎಕರೆಗೆ ಹತ್ತು ಕಿಲೋದಷ್ಟನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಕೆಲವು ದಿನ ಬಿಟ್ಟು ಸಾಲಿಗೆ ಕೊಟ್ಟರೆ ಉಪಯೋಗವಾಗುತ್ತದೆ. ಕೂಳೆಯ ಸಾಲಿನ ಎರಡೂ ಬದಿಯ ಮಣ್ಣು ಸಡಿಲಿಸಿ ಬೇರಿಗೆ ಗಾಳಿ ಕೊಟ್ಟರಂತೂ ಅರ್ಧ ಕೆಲಸ ಆದಂತೆಯೇ. ರವದಿಗೆ ಬೆಂಕಿ ಹಚ್ಚದೆ ಸಾಲಿನಲ್ಲೇ ಕೊಳೆಸುವವರ ಹೊಲದಲ್ಲಿ ಈ ಬಿಳಿ ಧೋತರ ಕಡಿಮೆ ಎಂಬುದು ನಾನು ಕಣ್ಣಾರೆ ಕಂಡದ್ದು.

ಮೋಸ ಮಾಡುವ ಹಳದಿಗಳು

ಕಬ್ಬಿಣದ ಕೊರತೆಯ ವೇಷ ಹಾಕಿ ಬರುವ ದೊಡ್ಡ ಕಳ್ಳನೆಂದರೆ ಗ್ರಾಸಿ ಶೂಟ್ ರೋಗ. ಇದರಲ್ಲೂ ಎಲೆ ಬಿಳಿಯಾಗುತ್ತದೆ. ಆದರೆ ಗುಂಪಿನ ಬುಡ ನೋಡಿ: ಹುಲ್ಲಿನ ಕಡ್ಡಿಯಂಥ ಸಣಕಲು ಮರಿಗಳು ಹತ್ತಾರು ಒಡೆದಿರುತ್ತವೆ, ಗಳೆ ಆಗುವುದೇ ಇಲ್ಲ. ಕಬ್ಬಿಣದ ಕೊರತೆ ಹೊಲದಲ್ಲಿ ಪಟ್ಟೆಯಾಗಿ ಕಂಡರೆ ಇದು ಅಲ್ಲೊಂದು ಇಲ್ಲೊಂದು ಗುಂಪಿನಲ್ಲಿ. ಪಕ್ಕದ ಗುಂಪು ಹಸಿರಾಗಿಯೇ ನಿಂತಿರುತ್ತದೆ. ಫೈಟೋಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಿ ಇದಕ್ಕೆ ಕಾರಣ. ಬೀಜದ ತುಂಡಿನಿಂದ ಹಬ್ಬುತ್ತದೆ, ರಸ ಹೀರುವ ಜಿಗಿಹುಳುಗಳಿಂದಲೂ ಹಬ್ಬುತ್ತದೆ. ಇದಕ್ಕೆ ಅನ್ನಭೇದಿಯೂ ಇಲ್ಲ, ಯೂರಿಯಾವೂ ಇಲ್ಲ. ಗುಂಪನ್ನು ಬುಡಸಮೇತ ಕಿತ್ತು ಸುಡುವುದು, ಆ ಹೊಲದಿಂದ ಬೀಜಕ್ಕೆ ಕಬ್ಬು ಕಡಿಯದಿರುವುದು ಎರಡೇ ದಾರಿ. ಎರಡು ಎಕರೆ ಕೂಳೆಯಲ್ಲಿ ಒಂದು ಮೂಲೆಗೆ ಕಬ್ಬಿಣದ ಹಸಿವು, ಇನ್ನೊಂದು ಮೂಲೆಗೆ ಈ ರೋಗ ಎರಡೂ ಇದ್ದ ಹೊಲವನ್ನು ಅರಭಾವಿ ಕಡೆ ನೋಡಿದ್ದೇನೆ. ಎಲೆಯ ಅರ್ಧಕ್ಕೆ ಅನ್ನಭೇದಿ ಬಳಿದ ಮೇಲೆಯೇ ಎರಡೂ ಬೇರೆ ಬೇರೆ ಎಂದು ಆ ರೈತರಿಗೆ ನಂಬಿಕೆ ಬಂದದ್ದು. ಮೊದಲು ಕೀಳಲು ಅವರ ಕೈ ಬಂದಿರಲಿಲ್ಲ. ಬೆಳೆದದ್ದನ್ನು ಕೀಳುವುದು ಯಾರಿಗಾದರೂ ಸಂಕಟವೇ.

ಇನ್ನೊಂದು ಗೊಣ್ಣೆಹುಳು. ಮಳೆಗಾಲದ ನಂತರ ಗುಂಪು ಗುಂಪಾಗಿ ಕಬ್ಬು ಹಳದಿಯಾಗಿ ಒಣಗತೊಡಗಿದರೆ ಒಂದು ಗಳೆಯನ್ನು ಹಿಡಿದು ಮೇಲಕ್ಕೆ ಜಗ್ಗಿ. ಸರಾಗವಾಗಿ ಕಿತ್ತು ಬಂದರೆ ಬೇರನ್ನು ಹುಳು ತಿಂದಿದೆ. ಅಲ್ಲಿ ಗುದ್ದಲಿ ಹಾಕಿದರೆ ಕೊಕ್ಕೆಯಂತೆ ಬಾಗಿದ ಬಿಳಿ ಹುಳುಗಳೇ ಸಾಕ್ಷಿ ಹೇಳುತ್ತವೆ. ಬೇರೇ ಇಲ್ಲದ ಗಿಡಕ್ಕೆ ಗೊಬ್ಬರ ಹಾಕುವುದೆಂದರೆ ಬಾಯಿ ಇಲ್ಲದವನಿಗೆ ಊಟ ಬಡಿಸಿದಂತೆ.

ಎಲೆಯ ಮೇಲೆ ಕಪ್ಪು ಮಸಿ ಹಿಡಿದಿದ್ದರೆ ಎಲೆಯ ಹಿಂಬದಿ ತಿರುಗಿಸಿ. 2002ರಲ್ಲಿ ಸಾಂಗಲಿ ಕಡೆಯಿಂದ ನಮ್ಮ ಬೆಳಗಾವಿ ಜಿಲ್ಲೆಗೆ ನುಗ್ಗಿದ ಬಿಳಿ ಉಣ್ಣೆಹೇನು ಹಿರಿಯ ರೈತರಿಗೆ ಮರೆತಿರಲಾರದು. ಹೇನು ಸುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಶಿಲೀಂಧ್ರವೇ ಆ ಮಸಿ. ಆಗ ರೈತರು ಪಂಪು ಹೊತ್ತು ಸುಸ್ತಾದರು. ಕಡೆಗೆ ಹೇನನ್ನು ಹತೋಟಿಗೆ ತಂದದ್ದು ಡೈಫಾ ಮತ್ತು ಮೈಕ್ರೋಮಸ್ ಎಂಬ, ಹೇನನ್ನೇ ತಿಂದು ಬದುಕುವ ಕೀಟಗಳು.

ಹತ್ತಿ, ಬದನೆ, ಟೊಮೆಟೊ ಎಲೆಗಳು ಸೊಟ್ಟಗಾಗಿ ಬೆರಳು ಚಾಚಿದಂತೆ ಸೀಳಿದರೆ ಮುಟುರುರೋಗ ಎಂದು ಔಷಧ ಹೊಡೆಯುವ ಮೊದಲು, ಪಕ್ಕದ ಹೊಲದ ಕಬ್ಬಿಗೆ ಯಾರಾದರೂ 2,4-ಡಿ ಕಳೆನಾಶಕ ಹೊಡೆದರೇ ಎಂದು ವಿಚಾರಿಸಿ. ಗಾಳಿಯಲ್ಲಿ ತೇಲಿ ಬಂದ ಹನಿಯಷ್ಟೇ ಸಾಕು. ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಬದನೆಗೆ ಬಳಸಿದರೂ ಇದೇ ಗತಿ. ಕಳೆನಾಶಕಕ್ಕೆಂದೇ ಬೇರೆ ಪಂಪು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಅರಿಷಿಣದ ಎಲೆಯಲ್ಲಿ ಬೂದು ನಡುವಿನ, ಹಳದಿ ಅಂಚಿನ ಚುಕ್ಕೆಗಳಿದ್ದರೆ ಅದು ಶಿಲೀಂಧ್ರ. ಕೊರತೆಗೆ ಒಂದು ಅಚ್ಚುಕಟ್ಟುತನವಿದೆ: ಎಲೆಯ ಎರಡೂ ಮಗ್ಗಲಿನಲ್ಲಿ ಸಮನಾಗಿ, ಒಂದೇ ವಯಸ್ಸಿನ ಎಲೆಗಳಲ್ಲಿ ಒಂದೇ ರೀತಿ ಕಾಣುತ್ತದೆ. ರೋಗಕ್ಕೆ ಈ ಶಿಸ್ತು ಇಲ್ಲ; ಅದು ಕಂಡಕಂಡಲ್ಲಿ ಚುಕ್ಕೆ ಇಡುತ್ತದೆ.

ಸವಳು-ಜವಳಿನ ಮಾತು

ಈಗ ಯಾರಿಗೂ ಕೇಳಲು ಇಷ್ಟವಿಲ್ಲದ ವಿಷಯಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದಾಗ ದಂಡೆಯ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ನೀರಿಳಿದ ಮೇಲೆ ಉಳಿದ ಕಬ್ಬೂ ಹಳದಿ. ಬೇರಿಗೆ ಗಾಳಿ ಸಿಗದಿದ್ದರೆ ಮಣ್ಣಿನಲ್ಲಿ ಎಷ್ಟೇ ಸಾರವಿದ್ದರೂ ಅದು ಹೀರಲಾರದು. ಆದರೆ ಮಹಾಪೂರ ಬಂದು ಹೋಗುವಂಥದು. ಪ್ರತಿ ಪಾಳಿಗೂ ನಾವೇ ತಂದುಕೊಳ್ಳುವ ಸಣ್ಣ ಮಹಾಪೂರದ ಗತಿ ಏನು?

ಧೂಪದಾಳದ ಒಡ್ಡು ಮತ್ತು ಘಟಪ್ರಭಾ ಎಡದಂಡೆ ಕಾಲುವೆಯ ಮೊದಲ ಹಂತ ಮುಗಿದದ್ದು 1897ರಲ್ಲಿ. ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಬಂತು. ಈ ನೀರು ನಮ್ಮ ಸೀಮೆಗೆ ಅನ್ನ ಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷವಿಡೀ ಕಬ್ಬು, ವರ್ಷವಿಡೀ ನೀರು, ಬಸಿಗಾಲುವೆ ಮಾತ್ರ ಹೂಳು ತುಂಬಿದ್ದು. ನೆಲದೊಳಗಿನ ನೀರು ಮೇಲೇರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲದ ಮೈಮೇಲೆ ಬೆಳ್ಳಗೆ ಕಾಣುವುದು ಅದೇ. ಇಂಥಲ್ಲಿ ಎಲೆಯ ತುದಿ ಮತ್ತು ಅಂಚು ಸುಟ್ಟಂತಾಗುತ್ತದೆ. ಅದನ್ನು ಪೊಟ್ಯಾಶಿನ ಕೊರತೆಯೆಂದು ತಿಳಿದು ಇನ್ನಷ್ಟು ಗೊಬ್ಬರ ಹಾಕಿದರೆ ಉಪ್ಪಿಗೆ ಉಪ್ಪು ಸೇರಿದಂತೆ. ರಾಸಾಯನಿಕ ಗೊಬ್ಬರವೂ ಕಡೆಗೆ ಲವಣವೇ ತಾನೆ?

ಕಾಲುವೆಯ ತಲೆಯಲ್ಲಿರುವವನ ಹೊಲ ನೀರು ಹೆಚ್ಚಾಗಿ ಸವಳಾಗುತ್ತದೆ, ಬಾಲದಲ್ಲಿರುವವನದು ನೀರಿಲ್ಲದೆ ಒಣಗುತ್ತದೆ. "ನೀರು ಕಡಿಮೆ ಮಾಡ್ರಿ" ಎಂದರೆ ಮೊದಲನೆಯವರು, "ಪಾಳಿ ಬಂದಾಗ ಬಿಟ್ಟರ ಮತ್ತ ಯಾವಾಗ ಬರತೈತೋ ಯಾರಿಗೆ ಗೊತ್ತರೀ" ಎನ್ನುತ್ತಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ. ಪಾಳಿಯ ಮೇಲೆ ನಂಬಿಕೆ ಬರದ ತನಕ ಈ ಬಿಳಿ ಉಪ್ಪು ಎಲೆಗೆ ಸಿಂಪಡಿಸುವ ಯಾವ ದ್ರಾವಣದಿಂದಲೂ ಹೋಗುವುದಿಲ್ಲ. ಬಸಿಗಾಲುವೆ ತೆಗೆಯಬೇಕು, ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಪರೀಕ್ಷೆಯ ವರದಿ ನೋಡಿ ಜಿಪ್ಸಂ ಕೊಡಬೇಕು, ಸೆಣಬು, ಡಯಂಚ ಬೆಳೆದು ಹಸಿರಿದ್ದಾಗಲೇ ಮಣ್ಣಿಗೆ ಸೇರಿಸಬೇಕು. ಬಸಿಗಾಲುವೆ ಮಾತ್ರ ಒಬ್ಬರಿಂದ ಆಗುವ ಕೆಲಸವಲ್ಲ. ಮೇಲಿನ ಹೊಲದವನ ನೀರು ಕೆಳಗಿನವನ ಬದುವಿನಲ್ಲೇ ಹಾದುಹೋಗಬೇಕು, ಅದಕ್ಕೆ ಅವನು ಒಪ್ಪಬೇಕು.

ಮಣ್ಣು ಪರೀಕ್ಷೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಮಣ್ಣು ತೆಗೆಯುವುದು ಹೇಗೆಂದು ಹೇಳುವವರು ಕಡಿಮೆ. ನಮ್ಮ ರಾಜ್ಯದಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆ ಸತು, ಬೋರಾನ್, ಗಂಧಕಗಳ ಕೊರತೆಯನ್ನು ಎತ್ತಿ ತೋರಿಸಿತು. 2015ರಿಂದ ಮಣ್ಣು ಆರೋಗ್ಯ ಚೀಟಿಗಳೂ ಬಂದವು. ಆದರೆ ಚೀಟಿಯ ಬೆಲೆ ಕೊಟ್ಟ ಮಣ್ಣಿನಷ್ಟೇ. ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯಬೇಕು. ಬದು, ಗಿಡದ ನೆರಳು, ತಿಪ್ಪೆ ಹಾಕಿದ ಜಾಗ ಬಿಟ್ಟು ಹತ್ತು-ಹದಿನೈದು ಕಡೆ ಮುಕ್ಕಾಲು ಅಡಿ ಆಳದ ತಗ್ಗು ತೋಡಿ, ಅದರ ಮಗ್ಗಲಿನಿಂದ ಮೇಲಿನಿಂದ ಕೆಳತನಕ ಒಂದೇ ದಪ್ಪದ ಮಣ್ಣು ಕೆರೆಯಬೇಕು. ಸತು, ಕಬ್ಬಿಣದ ಪರೀಕ್ಷೆಗಾದರೆ ತುಕ್ಕು ಹಿಡಿದ ಕುರ್ಪಿ ಬೇಡ, ಬಿದಿರಿನ ಸೀಳು ಸಾಕು. ಎಲ್ಲವನ್ನೂ ನೆರಳಲ್ಲಿ ಹರಡಿ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಬೇಕು. ಹಳದಿಯಾದ ಪಟ್ಟೆಯ ಮಣ್ಣು ಬೇರೆ, ಹಸಿರಿದ್ದ ಕಡೆಯದು ಬೇರೆ ಚೀಲದಲ್ಲಿ. ಎರಡನ್ನೂ ಹೋಲಿಸಿದಾಗಲೇ ಗುಟ್ಟು ಬಿಡುವುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಸಂಕೇಶ್ವರ, ಅರಭಾವಿಯ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ಮಣ್ಣು ಒಯ್ಯಬೇಡಿ, ಬಟ್ಟೆಯ ಚೀಲ ಹೊಲಿದುಕೊಳ್ಳಿ. ಒಳಗಿಡುವ ಚೀಟಿಯಲ್ಲಿ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಎಲ್ಲವನ್ನೂ ಪೆನ್ಸಿಲ್ಲಿನಿಂದ ಬರೆಯಿರಿ. ಮಣ್ಣಿನ ತೇವಕ್ಕೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.